ಎರಡನೆಯ ತಂತಿ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯನ್ನು ಬಿಟ್ಟು, ಅಡಿಕೆ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಒಂದೂವರೆ ಮೈಲಿ ಒಳಗೆ ಬಂದರೆ ಸಿಗುವ ನಮ್ಮ ಮನೆ, ಆ ಸೀಮೆಯ ಹಳೆಯ ಮನೆಗಳೆಲ್ಲದರಂತೆ ಅಗಲಕ್ಕಿಂತ ಆಳವೇ ಹೆಚ್ಚಾದದ್ದು. ಅಂಗಳವನ್ನು ದಾಟಿದರೆ ಜಗುಲಿ, ಜಗುಲಿಯ ಒಳಗೆ ನಡುಮನೆ, ಅದರಾಚೆ ಊಟದ ಮನೆ, ಊಟದ ಮನೆಯ ಪಕ್ಕಕ್ಕೆ ಎರಡು ಗಾಜಿನ ಹೆಂಚುಗಳಿಂದ ಮಾತ್ರ ಬೆಳಕು ಬೀಳುವ ಒಂದು ಒಳಕೋಣೆ. ಬಾಣಂತಿಯರಿಗೂ ವೃದ್ಧರಿಗೂ ಮೀಸಲಾಗಿ ಮೂರು ತಲೆಮಾರು ನಡೆದುಬಂದ ಕೋಣೆ ಅದು. ಕಳೆದ ವೈಶಾಖದಲ್ಲಿ ಬಚ್ಚಲುಮನೆಯ ಹೊಸ್ತಿಲ ಬಳಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ನನ್ನ ತಾಯಿ, ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದಮೇಲೆ, ಎಂಬತ್ತನಾಲ್ಕರ ವಯಸ್ಸಿನಲ್ಲಿ ಆ ಕೋಣೆಯ ಮಂಚವನ್ನೇ ಆಶ್ರಯಿಸಬೇಕಾಯಿತು. ಜಗುಲಿಯಲ್ಲಿದ್ದ ಟಿ.ವಿ.ಗೂ ಆ ಮಂಚಕ್ಕೂ ನಡುವೆ ಮೂರು ಹೊಸ್ತಿಲುಗಳಿದ್ದವು. ವಾಕರ್ ಹಿಡಿದು ಒಂದು ಹೊಸ್ತಿಲನ್ನು ದಾಟುವುದೇ ದಿನದ ದೊಡ್ಡ ಕೆಲಸವಾಗಿರುವವರಿಗೆ ಮೂರು ಹೊಸ್ತಿಲುಗಳ ಆಚೆಯ ಜಗುಲಿ ನೆರೆಯೂರಿನಷ್ಟೇ ದೂರ.

ದೂರದರ್ಶನ ಚಂದನದಲ್ಲಿ 2002ರಿಂದ ನಡೆದುಬರುತ್ತಿರುವ ‘ಥಟ್ ಅಂತ ಹೇಳಿ’ ಕಾರ್ಯಕ್ರಮವನ್ನು ಅಮ್ಮ ತಪ್ಪಿಸಿಕೊಂಡದ್ದೇ ಕಡಿಮೆ. ಡಾ. ನಾ. ಸೋಮೇಶ್ವರರು ಪ್ರಶ್ನೆಯನ್ನು ಓದಿ ಮುಗಿಸುವ ಮೊದಲೇ ಉತ್ತರವನ್ನು ಹೇಳಿಬಿಡುವುದೂ, ಬಹುಮಾನವೆಂದು ಪುಸ್ತಕಗಳನ್ನು ಕೊಡುವ ಅಲ್ಲಿಯ ಪದ್ಧತಿಯನ್ನು ಪ್ರತಿ ಸಲವೂ ಹೊಸದಾಗಿ ಕಂಡವರಂತೆ ಮೆಚ್ಚಿಕೊಳ್ಳುವುದೂ ಆಕೆಯ ರಾತ್ರಿಯ ಕ್ರಮ. ಮನೆಯಲ್ಲಿ ಎರಡನೆಯ ಟಿ.ವಿ.ಯನ್ನು ವಿಲಾಸವೆಂದು ಎಣಿಸುವವರು ಉಂಟು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಮಲಗಿದಲ್ಲಿಂದ ಏಳಲಾರದ ಜೀವಕ್ಕೆ ಊರಿನ ಸುದ್ದಿಯೂ ಕನ್ನಡದ ನಾಲ್ಕು ಒಳ್ಳೆಯ ಮಾತುಗಳೂ ತಲಪುವ ದಾರಿ ಅದೊಂದೇ ಆದಾಗ ಆ ಎಣಿಕೆ ತಪ್ಪೆಂದು ಮನಗಂಡು, ಒಳಕೋಣೆಗೆ ಒಂದು ಚಿಕ್ಕ ಟಿ.ವಿ.ಯನ್ನು ತಂದು, ನಮ್ಮ ಡಿಟಿಎಚ್ ಸಂಪರ್ಕದ ಮೇಲೆಯೇ ಎರಡನೆಯ ಸೆಟ್ ಟಾಪ್ ಬಾಕ್ಸೊಂದನ್ನು ತೆಗೆದುಕೊಂಡೆವು.

ಪೇಟೆಯ ಅಂಗಡಿಯೊಂದರಿಂದ ಜೋಡಣೆಗೆ ಬಂದ ಹುಡುಗ ಕೆಲಸದಲ್ಲಿ ಚುರುಕು. ಜಗುಲಿಯ ಗೋಡೆಯ ಹಿಂದೆ ಕೇಬಲನ್ನು ಕತ್ತರಿಸಿ, ಅಲ್ಲಿ ಬೆಂಕಿಪೊಟ್ಟಣದ ಗಾತ್ರದ ಸ್ಪ್ಲಿಟರ್ ಒಂದನ್ನು ಕೂಡಿಸಿ, ಒಂದು ಕವಲನ್ನು ಹಳೆಯ ಬಾಕ್ಸಿಗೂ ಇನ್ನೊಂದನ್ನು ಅಟ್ಟದ ಮೇಲಿಂದ ಹಾಯಿಸಿ ಒಳಕೋಣೆಯ ಹೊಸ ಬಾಕ್ಸಿಗೂ ಕೊಟ್ಟು, ಎರಡು ಕಡೆಯೂ ಚಿತ್ರ ಬರುವುದನ್ನು ತೋರಿಸಿ, ಅರ್ಧ ಗಂಟೆಯೊಳಗೆ ಹೊರಟುಹೋದ. ಅಂದು ರಾತ್ರಿ ಅಮ್ಮ ಉತ್ತರ ಹೇಳಲು ಬಾಯಿ ತೆರೆದಿದ್ದಾಗಲೇ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಸ್ವಲ್ಪ ಹೊತ್ತಿಗೆ ಸಿಗ್ನಲ್ ಇಲ್ಲವೆಂಬ ಬರಹ ಬಂದಿತು. ಹೊರಗೆ ಮಳೆಯಿರಲಿಲ್ಲ. ಜಗುಲಿಯಲ್ಲಿ ಮೊಮ್ಮಗ ನಿಶ್ಚಿಂತೆಯಿಂದ ಕ್ರಿಕೆಟ್ ನೋಡುತ್ತಿದ್ದ. ಆತ ಆಟ ಮುಗಿಸಿ ಇನ್ನೊಂದು ವಾಹಿನಿಗೆ ತಿರುಗಿದೊಡನೆ ಒಳಕೋಣೆಯ ಚಿತ್ರ ತಾನಾಗಿ ಮರಳಿತು.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಹೇಳಿದವನಾದುದರಿಂದ, ಮಾರನೆಯ ದಿನ ಒಂದು ನೋಟ್ ಪುಸ್ತಕವನ್ನು ಹಿಡಿದು ಕುಳಿತು, ಜಗುಲಿಯಲ್ಲಿ ಯಾವ ವಾಹಿನಿಯನ್ನು ಹಾಕಿದರೆ ಒಳಗೆ ಯಾವುದು ನಿಲ್ಲುತ್ತದೆಂಬುದನ್ನು ಒಂದೊಂದಾಗಿ ಬರೆದುಕೊಳ್ಳತೊಡಗಿದೆ. ಮೊಮ್ಮಗ ಜಗುಲಿಯಿಂದ ಕೂಗಿ ಹೇಳುವನು, ಅಮ್ಮ ಒಳಗಿನಿಂದ “ಹೋಯಿತು”, “ಬಂತು” ಎಂದು ಕೂಗುವಳು, ನಾನು ಊಟದ ಮನೆಯ ಬಾಗಿಲಲ್ಲಿ ಕುಳಿತು ಬರೆಯುವೆನು. ಎರಡು ಪುಟ ತುಂಬುವಷ್ಟರಲ್ಲಿ ವಾಹಿನಿಗಳೆಲ್ಲ ಎರಡು ಪಂಗಡಗಳಾಗಿ ಬೇರ್ಪಟ್ಟವು. ಎರಡು ಟಿ.ವಿ.ಗಳೂ ಒಂದೇ ಪಂಗಡದೊಳಗಿದ್ದಷ್ಟು ಹೊತ್ತು ತಂಟೆಯಿಲ್ಲ. ಒಂದು ಈ ಪಂಗಡವನ್ನೂ ಇನ್ನೊಂದು ಆ ಪಂಗಡವನ್ನೂ ಬಯಸಿದ ಕ್ಷಣವೇ ಒಂದಕ್ಕೆ ಕತ್ತಲೆ. ಅದೂ ಯಾವಾಗಲೂ ಸೋಲುವುದು ಚಂದನವಿದ್ದ ಪಂಗಡವೇ. ಕಾರಣವೇನೆಂಬುದು ಆ ಪುಟಗಳಲ್ಲಿಯೇ ಇತ್ತು. ಆದರೆ ಅದನ್ನು ಓದಬೇಕಾದರೆ ಡಿಶ್ಶಿನಿಂದ ಬಾಕ್ಸಿಗೆ ಬರುವ ಆ ಕರಿಯ ತಂತಿಯಲ್ಲಿ ನಿಜವಾಗಿ ಏನು ನಡೆಯುತ್ತದೆಂಬುದು ತಿಳಿದಿರಬೇಕು.

ನಮ್ಮ ಕಡೆ ಗುಡ್ಡದ ಮೇಲಿನ ಅಬ್ಬಿಯ ನೀರನ್ನು ಅಡಿಕೆಮರದ ದಂಬೆಗಳಲ್ಲಿ ಮನೆಗೆ ತರುತ್ತಿದ್ದ ಕಾಲ ನನ್ನ ಕಣ್ಣಮುಂದೆ ಇನ್ನೂ ಇದೆ. ಒಂದು ದಂಬೆಯನ್ನು ನಡುವೆ ಕವಲೊಡೆಸಿ ಅರ್ಧ ನೀರನ್ನು ಬಚ್ಚಲಿಗೂ ಅರ್ಧವನ್ನು ಕೊಟ್ಟಿಗೆಗೂ ಬಿಡುವುದು ಸುಲಭ. ನೀರು ಮೇಲಿಂದ ಕೆಳಕ್ಕೆ ಹರಿಯುತ್ತದೆ, ಕೆಳಗಿನವರ ಅಪೇಕ್ಷೆಯನ್ನು ಅದು ಕೇಳುವುದಿಲ್ಲ. ಡಿಶ್ಶಿನ ಕೇಬಲನ್ನೂ ಜನ ಇದೇ ಬಗೆಯ ದಂಬೆಯೆಂದು ಭಾವಿಸುವುದರಿಂದಲೇ ಅದಕ್ಕೆ ಕವಲು ಹಾಕುವ ಆಸೆ ಹುಟ್ಟುತ್ತದೆ. ಆದರೆ ಈ ಕೇಬಲಿನಲ್ಲಿ ಚಿತ್ರ ಕೆಳಕ್ಕೆ ಇಳಿದುಬರುವ ಹೊತ್ತಿಗೇ, ಅದೇ ತಾಮ್ರದ ಎಳೆಯ ಮೇಲೆ, ಬಾಕ್ಸಿನಿಂದ ಡಿಶ್ಶಿನ ಕಡೆಗೆ ಒಂದು ಆಜ್ಞೆಯೂ ಏರಿಹೋಗುತ್ತಿರುತ್ತದೆ. ಒಂದೇ ತಂತಿಯಲ್ಲಿ ಇಬ್ಬರು ಬೇರೆ ಬೇರೆ ಆಜ್ಞೆಗಳನ್ನು ಕಳುಹಿಸತೊಡಗಿದರೆ ಮೇಲಿರುವ ಯಂತ್ರ ಯಾರ ಮಾತನ್ನು ಕೇಳತಕ್ಕದ್ದು? ನಮ್ಮ ಮನೆಯ ತಕರಾರಿನ ಮೂಲ ಇಷ್ಟೇ. ಆದರೆ ಆ ಆಜ್ಞೆ ಯಾಕೆ ಬೇಕಾಯಿತೆಂಬುದನ್ನು ತಿಳಿಯಲು ಆಕಾಶದವರೆಗೂ ಹೋಗಿಬರಬೇಕಾಗುತ್ತದೆ.

ಸಮಭಾಜಕ ವೃತ್ತದ ಮೇಲುಗಡೆ 35,786 ಕಿಲೋಮೀಟರ್ ಎತ್ತರದಲ್ಲಿ ಪೂರ್ವಾಭಿಮುಖವಾಗಿ ಸುತ್ತುವ ಉಪಗ್ರಹವೊಂದು, ಭೂಮಿ ತನ್ನ ಅಕ್ಷದ ಮೇಲೆ ತಿರುಗುವಷ್ಟೇ ಹೊತ್ತಿನಲ್ಲಿ ತನ್ನ ಒಂದು ಪ್ರದಕ್ಷಿಣೆಯನ್ನು ಮುಗಿಸುವುದರಿಂದ, ನೆಲದ ಮೇಲಿರುವ ನಮಗೆ ಧ್ರುವನಕ್ಷತ್ರದಂತೆ ಇದ್ದಲ್ಲಿಯೇ ಇದ್ದಂತೆ ತೋರುತ್ತದೆ. ಸಂಪರ್ಕಕ್ಕಾಗಿ ಇದನ್ನು ಬಳಸಿಕೊಳ್ಳಬಹುದೆಂದು ಆರ್ಥರ್ ಸಿ. ಕ್ಲಾರ್ಕ್ ಬರೆದದ್ದು 1945ರಲ್ಲಿ. ಆಗ ಮನುಷ್ಯನು ಹಾರಿಸಿದ ಒಂದು ಉಪಗ್ರಹವೂ ಆಕಾಶದಲ್ಲಿರಲಿಲ್ಲ. ನಮ್ಮ ದೂರದರ್ಶನದ ಉಚಿತ ಸೇವೆಯಾದ ಡಿಡಿ ಫ್ರೀ ಡಿಶ್ ಇಂದು ನೆಲೆಗೊಂಡಿರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನಿಂತ ಜಿಸ್ಯಾಟ್-15ರ ಮೇಲೆ. ಆ ಉಪಗ್ರಹ 2015ರ ನವೆಂಬರಿನಲ್ಲಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಏರಿಯಾನ್ ರಾಕೆಟ್ಟಿನಲ್ಲಿ ಏರಿತು. ಏರಿದ ಮೇಲೆ ಅದರ ಲಗಾಮನ್ನು ಹಿಡಿದದ್ದು ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಹಾಸನದ ಮೂಲಕ ಹೋಗುವ ಪ್ರಯಾಣಿಕರು ಆ ಬೃಹತ್ ಆಂಟೆನಾಗಳನ್ನು ನೋಡಿ ಸುಮ್ಮನೆ ಮುಂದಕ್ಕೆ ಸಾಗುತ್ತಾರೆ. ನನಗಂತೂ ಬೇಲೂರಿನ ದಾರಿಯಷ್ಟೇ ಗೌರವದಿಂದ ನೋಡತಕ್ಕ ಸ್ಥಳ ಅದೆಂದು ತೋರುತ್ತದೆ.

ಉಪಗ್ರಹದಿಂದ ನೇರವಾಗಿ ಟಿ.ವಿ.ಗೆ ಚಿತ್ರವನ್ನಿಳಿಸುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲಪಿಸಿದ ಸೈಟ್ ಎಂಬ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಊರಿಗೆಲ್ಲ ಒಂದು ಟಿ.ವಿ., ಅದರ ಮೇಲುಗಡೆ ಕೋಳಿಗೂಡಿನ ಜಾಲರಿಯಿಂದ ಮಾಡಿದ ಮೂರು ಮೀಟರ್ ವ್ಯಾಸದ ಆಂಟೆನಾ. ಜಾಲರಿಯ ತೂತುಗಳಲ್ಲಿ ಸಂಕೇತ ಸೋರಿಹೋಗಲಿಲ್ಲವೇ ಎಂದು ಕೇಳಬಹುದು. ಅಂದಿನ ಪ್ರಸಾರ ನಡೆದದ್ದು 860 ಮೆಗಾಹರ್ಟ್ಸ್ ಆವೃತ್ತಿಯಲ್ಲಿ, ಅದರ ಒಂದೊಂದು ತರಂಗದ ಉದ್ದ ಸುಮಾರು ಮುಕ್ಕಾಲು ಮೊಳ. ಅಷ್ಟು ಉದ್ದನೆಯ ತರಂಗಕ್ಕೆ ಸಣ್ಣ ತೂತಿನ ಜಾಲರಿಯೂ ನುಣುಪಾದ ಗೋಡೆಯೇ. ಇಂದಿನ ಡಿಟಿಎಚ್ ನಡೆಯುವುದು ಕೆಯು ಬ್ಯಾಂಡ್ ಎಂಬ, ಸುಮಾರು 10.7ರಿಂದ 12.75 ಗಿಗಾಹರ್ಟ್ಸ್ ವರೆಗಿನ ಆವೃತ್ತಿಗಳಲ್ಲಿ. ಇಲ್ಲಿ ತರಂಗದ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರ ಆಗಿರುವುದರಿಂದ 60 ಸೆಂಟಿಮೀಟರಿನ ತಟ್ಟೆಯೇ ಸಾಕಾಗುತ್ತದೆ. ಆದರೆ ಆ ತಟ್ಟೆ ನುಣುಪಾಗಿಯೂ ನೆಗ್ಗಿಲ್ಲದೆಯೂ ಇರಬೇಕಾಗುತ್ತದೆ.

ಆ ತಟ್ಟೆಗೆ ಬಂದು ಬೀಳುವ ಶಕ್ತಿ ಎಷ್ಟು ಅಲ್ಪವೆಂಬುದನ್ನು ನೆನೆದರೆ ಎಂಥವರಿಗೂ ವಿಸ್ಮಯವಾಗಬೇಕು. ಒಂದು ವಾಟನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಕೆಲವೇ ಪಾಲನ್ನು ಎತ್ತಿಕೊಂಡರೆ, ವಾಹಿನಿಗಳ ಒಂದು ಗುಂಪನ್ನು ಹೊತ್ತು ತರುವ ಒಂದು ಪ್ರಸಾರದಿಂದ ನಮ್ಮ ಡಿಶ್ಶಿಗೆ ದೊರೆಯುವ ಪಾಲು ಅಷ್ಟು. ಪರವಲಯದ ಆಕಾರದ ತಟ್ಟೆ ಅದನ್ನೆಲ್ಲ ತನ್ನ ನಾಭಿಯಲ್ಲಿ, ಎಂದರೆ ತೋಳಿನ ತುದಿಯಲ್ಲಿ ನಿಂತಿರುವ ಚಿಕ್ಕ ಡಬ್ಬಿಯ ಬಾಯಲ್ಲಿ, ಒಟ್ಟುಗೂಡಿಸುತ್ತದೆ. ಮಲೆನಾಡಿನಿಂದ ಜಿಸ್ಯಾಟ್-15 ಕಾಣುವುದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಅರುವತ್ತು ಡಿಗ್ರಿಗೂ ಮೇಲೆ. ಡಿಶ್ಶುಗಳು ಅಷ್ಟು ಮೇಲಕ್ಕೆ ನೋಡುವಂತೆ ತೋರುವುದಿಲ್ಲವಲ್ಲ ಎಂದು ಕೆಲವರು ಸಂಶಯಪಡುವುದುಂಟು. ನಾಭಿಯನ್ನು ಮಧ್ಯಕ್ಕಿಡದೆ ಕೆಳಗಂಚಿನ ಕಡೆಗೆ ಸರಿಸಿ ಮಾಡಿದ ತಟ್ಟೆಗಳಾದುದರಿಂದ, ಅವುಗಳ ನಿಜವಾದ ದೃಷ್ಟಿ ಮುಖಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಕ್ಕಿರುತ್ತದೆ. ಮನೆಯ ಹಿಂದೆಯೂ ಪಕ್ಕದಲ್ಲಿಯೂ ಎತ್ತರದ ಅಡಿಕೆಮರಗಳಿರುವ ನಮ್ಮಂಥವರಿಗೆ ಆಗ್ನೇಯದ ತೆರಪು ದೊರೆಯುವುದು ಅಂಗಳದ ಮೂಲೆಯೊಂದರಲ್ಲಿಯೇ. ಹೀಗಾಗಿ ಡಿಶ್ ಅಂಗಳದಲ್ಲಿ, ಅಮ್ಮ ಮನೆಯ ಆ ತುದಿಯಲ್ಲಿ.

ನಾಭಿಯಲ್ಲಿರುವ ಆ ಡಬ್ಬಿಗೆ ಎಲ್‌ಎನ್‌ಬಿ ಎಂದು ಹೆಸರು. ಮನೆಯೊಳಗಿನ ಜೋಡಣೆಯ ಸಮಸ್ತ ರಹಸ್ಯವೂ ಅದರಲ್ಲಿದೆ. ಹನ್ನೆರಡು ಗಿಗಾಹರ್ಟ್ಸಿನ ಸಂಕೇತವನ್ನು ಹಾಗೆಯೇ ಕೇಬಲಿಗೆ ಬಿಟ್ಟರೆ ಅದು ಕೆಲವು ಮಾರು ಹೋಗುವಷ್ಟರಲ್ಲಿ ಬತ್ತಿಹೋಗುತ್ತದೆ. ಆದ್ದರಿಂದ ಎಲ್‌ಎನ್‌ಬಿ ಮೊದಲು ಆ ದುರ್ಬಲ ಸಂಕೇತವನ್ನು ವರ್ಧಿಸಿ, ಬಳಿಕ ತನ್ನೊಳಗೇ ಹುಟ್ಟಿಸಿಕೊಂಡ ಇನ್ನೊಂದು ಕಂಪನದೊಡನೆ ಬೆರಸಿ, 950ರಿಂದ 2150 ಮೆಗಾಹರ್ಟ್ಸ್ ವರೆಗಿನ ಕೆಳಗಿನ ಆವೃತ್ತಿಗೆ ಇಳಿಸಿ ಕಳುಹಿಸುತ್ತದೆ. ಅಲ್ಲಿಯೇ ತೊಡಕು ಹುಟ್ಟುವುದು. ಉಪಗ್ರಹ ತನ್ನ ತರಂಗಗಳನ್ನು ಎರಡು ಬಗೆಯಾಗಿ ಕಳುಹಿಸಬಲ್ಲದು: ಕೆಲವು ಅಡ್ಡಡ್ಡವಾಗಿ ಕಂಪಿಸುವಂಥವು, ಕೆಲವು ನೆಟ್ಟನೆ ಕಂಪಿಸುವಂಥವು. ಧ್ರುವೀಕರಣವೆಂದು ಶಾಸ್ತ್ರದಲ್ಲಿ ಹೇಳುವ ಈ ಉಪಾಯದಿಂದ, ಒಂದೇ ಆವೃತ್ತಿಯಲ್ಲಿ ಎರಡು ಪ್ರಸಾರಗಳು ಒಂದನ್ನೊಂದು ತಾಗದೆ ನಡೆಯಬಹುದು. ಇದಲ್ಲದೆ ಕೆಯು ಬ್ಯಾಂಡಿನ ಇಡೀ ಹರಹನ್ನು ಒಮ್ಮೆಗೇ ಇಳಿಸಿದರೆ ಕೇಬಲಿನ ಮಿತಿಯನ್ನು ಮೀರುವುದರಿಂದ, ಅದನ್ನು ಮೇಲಿನ ಭಾಗ, ಕೆಳಗಿನ ಭಾಗ ಎಂದು ಎರಡು ಮಾಡಿಕೊಂಡು, ಕೆಳಗಿನದಕ್ಕೆ 9.75 ಗಿಗಾಹರ್ಟ್ಸಿನ, ಮೇಲಿನದಕ್ಕೆ 10.6 ಗಿಗಾಹರ್ಟ್ಸಿನ ಕಂಪನವನ್ನು ಬೆರಸುವ ಏರ್ಪಾಟು ಸಾರ್ವತ್ರಿಕ ಎಲ್‌ಎನ್‌ಬಿಗಳಲ್ಲಿದೆ. ಎರಡು ಧ್ರುವಗಳು, ಎರಡು ಭಾಗಗಳು. ಒಟ್ಟು ನಾಲ್ಕು ಪಾಲುಗಳು. ಒಂದು ಕೇಬಲಿನಲ್ಲಿ ಒಂದು ಹೊತ್ತಿಗೆ ಇಳಿಯಬಹುದಾದದ್ದು ಇವುಗಳಲ್ಲಿ ಒಂದೇ ಪಾಲು.

ಯಾವ ಪಾಲು ಬೇಕೆಂಬುದನ್ನು ಬಾಕ್ಸ್ ಹೇಳುವ ರೀತಿ ಬಹಳ ಸರಳವಾದದ್ದೂ ಸುಂದರವಾದದ್ದೂ ಆಗಿದೆ. ಎಲ್‌ಎನ್‌ಬಿಗೆ ವಿದ್ಯುತ್ತನ್ನು ಒದಗಿಸುವುದು ಬಾಕ್ಸೇ, ಅದೇ ಕೇಬಲಿನ ಮೂಲಕ. ಆ ವಿದ್ಯುತ್ತನ್ನು 13 ವೋಲ್ಟಿನಲ್ಲಿ ಕೊಟ್ಟರೆ ನೆಟ್ಟನೆಯ ತರಂಗಗಳು ಬೇಕೆಂದೂ, 18 ವೋಲ್ಟಿನಲ್ಲಿ ಕೊಟ್ಟರೆ ಅಡ್ಡ ತರಂಗಗಳು ಬೇಕೆಂದೂ ಎಲ್‌ಎನ್‌ಬಿ ತಿಳಿದುಕೊಳ್ಳುತ್ತದೆ. ಅದರ ಮೇಲೆ 22 ಕಿಲೋಹರ್ಟ್ಸಿನ ಒಂದು ಸಣ್ಣ ಮಿಡಿತವನ್ನು ಸೇರಿಸಿದರೆ ಮೇಲಿನ ಭಾಗವೆಂದು ಅರ್ಥ. ರಿಮೋಟಿನ ಗುಂಡಿಯನ್ನು ನಾವು ಒತ್ತಿದಾಗಲೆಲ್ಲ, ಅಂಗಳದಲ್ಲಿ ಬಿಸಿಲು ಮಳೆಗಳಲ್ಲಿ ನಿಂತಿರುವ ಆ ಡಬ್ಬಿಗೆ ಈ ಮೂಕಸನ್ನೆ ಹೋಗಿ ಮುಟ್ಟುತ್ತಿರುತ್ತದೆ.

ಇಷ್ಟು ತಿಳಿದ ಮೇಲೆ ನೋಟ್ ಪುಸ್ತಕದ ಎರಡು ಪಂಗಡಗಳು ಬಿಡಿಸಿಟ್ಟ ಗಂಟಿನಂತಾದವು. ನಮ್ಮ ಸೇವೆಯಲ್ಲಿ ಚಂದನವಿದ್ದದ್ದು 13 ವೋಲ್ಟಿನ ಪಂಗಡದಲ್ಲಿ, ಕ್ರಿಕೆಟ್ 18 ವೋಲ್ಟಿನದರಲ್ಲಿ. ಸ್ಪ್ಲಿಟರಿನಲ್ಲಿ ಎರಡು ವಿದ್ಯುತ್ತುಗಳು ಸಂಧಿಸಿದಾಗ ಹೆಚ್ಚು ಒತ್ತಡದ್ದೇ ಗೆದ್ದು ಮೇಲೆ ಹೋಗುವುದರಿಂದ ಎಲ್‌ಎನ್‌ಬಿ ಅಡ್ಡ ತರಂಗಗಳ ಕಡೆಗೆ ತಿರುಗಿಕೊಳ್ಳುತ್ತಿತ್ತು. ಅಮ್ಮನ ಕೋರಿಕೆ ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಎಲ್ಲ ವಾಹಿನಿಗಳೂ ಒಂದೇ ಧ್ರುವದ ಒಂದೇ ಭಾಗದಲ್ಲಿ ಬರುವ ಸೇವೆಯಾದರೆ ಸ್ಪ್ಲಿಟರಿನಿಂದಲೂ ಕೆಲಸ ನಡೆದೀತು. ಹುಡುಗ ಬೇರೆಲ್ಲಿಯೋ ಹಾಗೆ ಮಾಡಿ ಯಶಸ್ಸನ್ನು ಕಂಡಿದ್ದಿರಬೇಕು. ನೆರೆಮನೆಯಲ್ಲಿ ನಡೆದದ್ದು ನಮ್ಮ ಮನೆಯಲ್ಲಿ ನಡೆಯದಿದ್ದರೆ ಬಾಕ್ಸ್ ಕೆಟ್ಟಿದೆಯೆಂದೋ ಟಿ.ವಿ. ಹಳೆಯದೆಂದೋ ತೀರ್ಮಾನಿಸಿ ಹಣ ಕಳೆದುಕೊಳ್ಳುವವರನ್ನು ಕಂಡು ನನಗೆ ವ್ಯಥೆಯಾಗಿದೆ. ಈ ಲೇಖನವನ್ನು ಬರೆಯುವುದಕ್ಕೂ ಆ ವ್ಯಥೆಯೇ ಕಾರಣ.

ಪರಿಹಾರ ಎರಡನೆಯ ತಂತಿ. ಹಳೆಯ ಎಲ್‌ಎನ್‌ಬಿಯನ್ನು ಇಳಿಸಿ, ಎರಡು ಬಾಯಿಗಳುಳ್ಳ ಟ್ವಿನ್ ಎಲ್‌ಎನ್‌ಬಿಯನ್ನು ಅದೇ ತೋಳಿಗೆ ಕೂಡಿಸಿದರೆ, ಒಂದೇ ಡಬ್ಬಿಯೊಳಗೆ ಎರಡು ಸ್ವತಂತ್ರವಾದ ಕಿವಿಗಳಿದ್ದಂತೆ, ಒಂದೊಂದು ಬಾಯಿಯೂ ತನ್ನ ಕೇಬಲಿನಿಂದ ಬರುವ ಸನ್ನೆಯನ್ನು ಮಾತ್ರ ಪಾಲಿಸುತ್ತದೆ. ಡಿಶ್ ಒಂದೇ ಸಾಕು. ಎರಡನೆಯ ಕೋಣೆಗೆಂದು ಎರಡನೆಯ ತಟ್ಟೆಯನ್ನು ನೆಡಬೇಕಾಗಿಲ್ಲ. ನಾಲ್ಕು ಕೋಣೆಗಳಿಗೆ ನಾಲ್ಕು ಬಾಯಿಗಳ ಕ್ವಾಡ್ ಎಲ್‌ಎನ್‌ಬಿ ಉಂಟು. ಇಲ್ಲಿ ಒಂದು ಎಚ್ಚರಿಕೆ: ಕ್ವಾಟ್ರೊ ಎಂಬ ಇನ್ನೊಂದು ಜಾತಿಯೂ ನೋಡಲು ತದ್ರೂಪವಾಗಿಯೇ, ನಾಲ್ಕು ಬಾಯಿಗಳಿಂದ ಕೂಡಿಯೇ ಇರುತ್ತದೆ. ಅದರ ನಾಲ್ಕು ಬಾಯಿಗಳು ಮೇಲೆ ಹೇಳಿದ ನಾಲ್ಕು ಪಾಲುಗಳನ್ನು ಒಂದೊಂದರಂತೆ ಸದಾ ಹೊರಡಿಸುತ್ತಿರುತ್ತವೆಯೇ ಹೊರತು ಯಾವ ಸನ್ನೆಗೂ ಬದಲಾಗುವುದಿಲ್ಲ. ಬೆಂಗಳೂರಿನಂಥ ಊರಿನ ದೊಡ್ಡ ವಸತಿ ಸಮುಚ್ಚಯಗಳಲ್ಲಿ, ತಾರಸಿಯ ಮೇಲೆ ಒಂದೇ ಡಿಶ್ಶನ್ನಿಟ್ಟು, ಆ ನಾಲ್ಕು ತಂತಿಗಳನ್ನು ಮಲ್ಟಿಸ್ವಿಚ್ ಎಂಬ ಹಂಚುಪೆಟ್ಟಿಗೆಗೆ ತಂದು, ಅಲ್ಲಿಂದ ಹತ್ತಾರು ಮನೆಗಳಿಗೆ ಕೊಡುವುದಕ್ಕಾಗಿ ಮಾಡಿದ್ದು ಅದು. ಸಾಧಾರಣ ಮನೆಗೆ ಅದನ್ನು ತಂದು ಹಾಕಿದರೆ ಪ್ರತಿ ಕೋಣೆಯಲ್ಲಿಯೂ ಕಾಲುಭಾಗದ ವಾಹಿನಿಗಳು ಮಾತ್ರ ಬಂದಾವು.

ಬಾಕ್ಸಿನ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಹಣ ಕೊಟ್ಟು ಪಡೆಯುವ ಸೇವೆಗಳಲ್ಲಿ ಪ್ರತಿ ಟಿ.ವಿ.ಗೂ ಅದೇ ಸಂಸ್ಥೆಯ ಬೇರೊಂದು ಬಾಕ್ಸ್ ಬೇಕು. ಅದನ್ನು ಹೊಸ ಗ್ರಾಹಕರಂತೆ ತೆಗೆದುಕೊಳ್ಳದೆ, ಇರುವ ಖಾತೆಯ ಎರಡನೆಯ ಸಂಪರ್ಕವೆಂದೇ ಕೇಳಿ ಪಡೆಯಬೇಕು. 2020ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊರಡಿಸಿದ ತಿದ್ದುಪಡಿಯಲ್ಲಿ, ಒಂದೇ ಮನೆಯ ಎರಡನೆಯ ಟಿ.ವಿ.ಯಿಂದ ಮುಂದಕ್ಕೆ ಮೂಲ ಸಂಪರ್ಕ ಶುಲ್ಕವನ್ನು ಮೊದಲನೆಯದರ ಶೇಕಡಾ 40ಕ್ಕಿಂತ ಹೆಚ್ಚಾಗಿ ವಸೂಲು ಮಾಡಕೂಡದೆಂದು ವಿಧಿಸಲಾಗಿತ್ತು. 2024ರ ಜುಲೈಯಲ್ಲಿ ಈ ಶುಲ್ಕದ ಮಿತಿಯನ್ನೇ ತೆಗೆದು ಅದನ್ನು ಸಂಸ್ಥೆಗಳ ವಿವೇಚನೆಗೆ ಬಿಟ್ಟುದರಿಂದ, ಈಗ ಕೇಳಿ, ಹೋಲಿಸಿ, ಚೌಕಾಸಿ ಮಾಡುವುದು ಗೃಹಸ್ಥನ ಪಾಲಿಗೇ ಉಳಿದಿದೆ. 2004ರ ಡಿಸೆಂಬರಿನಲ್ಲಿ ಆರಂಭವಾದ ದೂರದರ್ಶನದ ಉಚಿತ ಸೇವೆಗೆ ಈ ತಿಂಗಳ ಲೆಕ್ಕವೇ ಇಲ್ಲ. ಅಲ್ಲಿ ಎರಡನೆಯ ಕೋಣೆಯ ಖರ್ಚೆಂದರೆ ಬಾಕ್ಸ್ ಮತ್ತು ಕೇಬಲಿನ ಖರ್ಚು, ಅಷ್ಟೆ. ಎರಡು ಕಡೆಯೂ ಒಂದೇ ಚಿತ್ರ ಬಂದರೆ ಸಾಕೆನ್ನುವವರು ಒಂದೇ ಬಾಕ್ಸಿನಿಂದ ಎಚ್‌ಡಿಎಂಐ ತಂತಿಯನ್ನು ಕವಲೊಡೆಸಿಕೊಳ್ಳಬಹುದು. ಜಗುಲಿಯವರು ನೋಡಿದ್ದನ್ನೇ ಅಮ್ಮನೂ ನೋಡಬೇಕಾಗುವ ಆ ಏರ್ಪಾಟು ನನ್ನ ಮನಸ್ಸಿಗೆ ಬರಲಿಲ್ಲ. ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಮಂಚ ಹಿಡಿದವರಿಗೆ ಬೇರೆ ವಿಷಯಗಳಲ್ಲಿ ಎಷ್ಟು ಉಳಿದಿರುತ್ತದೆ?

ಟ್ವಿನ್ ಎಲ್‌ಎನ್‌ಬಿಯನ್ನು ಹಾಕಲು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷಗಳಿಂದ ಇದೇ ಕಸುಬು. “ಮೇಷ್ಟ್ರೇ, ಡಿಶ್ ಕೂರಿಸೋದು ಹೆಚ್ಚಲ್ಲ, ಕೇಬಲ್ ತುದಿ ಮಾಡೋದೇ ಹೆಚ್ಚು” ಎಂದು ಹೇಳಿ ಅಂಗಳದ ಕಟ್ಟೆಯ ಮೇಲೆ ಕುಳಿತು ಆತನು ಮಾಡಿದ ಕೆಲಸವನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಆರ್‌ಜಿ-6 ಎಂಬ ಜಾತಿಯ ಕೇಬಲದು: ನಡುವೆ ಒಂದು ಮಿಲಿಮೀಟರ್ ದಪ್ಪದ ಒಂದೇ ಎಳೆ, ಅದರ ಸುತ್ತ ಬಿಳಿಯ ನೊರೆಯಂಥ ಪ್ಲಾಸ್ಟಿಕ್, ಅದರ ಮೇಲೆ ಬೆಳ್ಳಿಬಣ್ಣದ ಹಾಳೆ, ಹಾಳೆಯ ಮೇಲೆ ಕೂದಲಿನಷ್ಟು ಸಣ್ಣ ತಂತಿಗಳ ಹೆಣಿಗೆ, ಎಲ್ಲಕ್ಕೂ ಹೊರಗೆ ಕರಿಯ ಸಿಪ್ಪೆ. ಆತನು ಚಾಕುವನ್ನು ಒತ್ತದೆ, ಕೇಬಲನ್ನೇ ಬೆರಳುಗಳಲ್ಲಿ ಉರುಳಿಸುತ್ತ, ಒಳಗಿನ ಹೆಣಿಗೆಗೆ ಗೀರು ತಾಗದಂತೆ ಸಿಪ್ಪೆಯನ್ನು ಮಾತ್ರ ಬಿಡಿಸಿದ. ಹೆಣಿಗೆಯನ್ನು ಹಿಂದಕ್ಕೆ ಮಗುಚಿ ನೀವಿದ. ಬಿಳಿಯ ನೊರೆಯನ್ನು ಕತ್ತರಿಸಿ ತೆಗೆದು ತಾಮ್ರವನ್ನು ಬೆಳಕಿಗೆ ಹಿಡಿದು, ಹೆಣಿಗೆಯ ಒಂದು ಎಳೆಯಾದರೂ ನಡುವಣ ತಾಮ್ರವನ್ನು ಮುಟ್ಟುತ್ತಿದೆಯೇ ಎಂದು ಕಣ್ಣು ಕಿರಿದು ಮಾಡಿ ಪರೀಕ್ಷಿಸಿದ. ಅಂಥ ಒಂದು ಎಳೆ ಮುಟ್ಟಿದರೂ ಮೇಲಕ್ಕೆ ಹೋಗಬೇಕಾದ ವಿದ್ಯುತ್ತು ಅಲ್ಲಿಯೇ ಮುಗಿದು, ಎಲ್‌ಎನ್‌ಬಿಗೆ ಜೀವವೇ ಇಲ್ಲದಂತಾಗುತ್ತದೆ. ಬಳಿಕ ಎಫ್ ಕನೆಕ್ಟರನ್ನು ತಿರುಗಿಸಿ ಕೂಡಿಸಿ, ನಡುವಿನ ಎಳೆ ಅದರ ಅಂಚಿನಿಂದ ಎರಡು ಮೂರು ಮಿಲಿಮೀಟರಿನಷ್ಟು ಹೊರಚಾಚುವಂತೆ ಉಳಿಸಿ ಮಿಕ್ಕದ್ದನ್ನು ಕತ್ತರಿಸಿದ. ಒಂದು ತುದಿಗೆ ಹತ್ತು ನಿಮಿಷ ಹಿಡಿಯಿತು. ಅಂಥ ನಾಲ್ಕು ತುದಿಗಳು.

ಕೇಬಲನ್ನು ಕೊಳ್ಳುವಾಗ ನಡುವಿನ ಎಳೆ ಅಪ್ಪಟ ತಾಮ್ರವೋ ತಾಮ್ರದ ಲೇಪವುಳ್ಳ ಉಕ್ಕೋ ಎಂಬುದನ್ನು ನೋಡಬೇಕೆಂದು ಆತನು ಹೇಳಿದ. ಚಿತ್ರದ ಸಂಕೇತ ತಂತಿಯ ಹೊರಮೈಯಲ್ಲಿಯೇ ಹರಿಯುವುದರಿಂದ ಅದಕ್ಕೆ ಲೇಪವೇ ಸಾಕು. ಆದರೆ ಮೇಲೇರುವ 18 ವೋಲ್ಟಿನ ವಿದ್ಯುತ್ತು ತಂತಿಯ ಇಡೀ ಮೈಯಲ್ಲಿ ಹರಿಯತಕ್ಕದ್ದಾದುದರಿಂದ, ಉಕ್ಕಿನ ಎಳೆಯಾದರೆ ದಾರಿಯಲ್ಲಿ ಒತ್ತಡ ಕುಸಿಯುತ್ತದೆ. ದೂರ ಹೆಚ್ಚಾದಾಗ 18 ಎಂದು ಹೊರಟ ಆಜ್ಞೆ ಎಲ್‌ಎನ್‌ಬಿಯನ್ನು ತಲಪುವಷ್ಟರಲ್ಲಿ ಬಲಗುಂದಿ, 13 ಎಂಬಂತೆ ಕೇಳಿಸುವುದೂ ಉಂಟು. ನಮ್ಮ ಅಂಗಳದ ಮೂಲೆಯಿಂದ ಅಮ್ಮನ ಕೋಣೆಗೆ ನಲವತ್ತು ಮೀಟರ್. ಇಳಿದುಬರುವ ಸಂಕೇತದ ಮೇಲಂಚಿನ ಆವೃತ್ತಿಗಳು ಅಷ್ಟು ದೂರದಲ್ಲಿ ತಮ್ಮ ಬಲದ ಹದಿನೈದು ಹದಿನಾರರ ಒಂದು ಪಾಲಿಗೆ ಇಳಿಯುತ್ತವೆ. ಎಲ್‌ಎನ್‌ಬಿ ಮೊದಲೇ ಬಹುವಾಗಿ ವರ್ಧಿಸಿರುವುದರಿಂದ ಅಷ್ಟು ನಷ್ಟವನ್ನು ಬಾಕ್ಸ್ ಸಹಿಸಿಕೊಳ್ಳುತ್ತದೆ. ನಡುವೆ ತುಂಡು ಕೇಬಲುಗಳನ್ನು ಹೊಸೆದು ಸುತ್ತಿ ಟೇಪ್ ಹಚ್ಚಿದ ಗಂಟುಗಳಿದ್ದರೆ ಮಾತ್ರ ಸಹಿಸದು. ಆದ್ದರಿಂದ ಒಂದೇ ಅಖಂಡವಾದ ಕೇಬಲನ್ನು ಎಳೆದೆವು.

ಮಲೆನಾಡಿನಲ್ಲಿ ಇದರ ನಿಜವಾದ ಶತ್ರು ನೀರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆಯನ್ನು ಕಾಣುವ ಆಗುಂಬೆಯ ನೆರೆಯಲ್ಲಿ, ಕನೆಕ್ಟರಿನ ಎಳೆಎಳೆಯಲ್ಲೂ ತೇವ ಹೊಕ್ಕು ಕೇಬಲಿನ ಹೆಣಿಗೆಯ ಗುಂಟ ಮನೆಯೊಳಕ್ಕೆ ಇಳಿದುಬರುವುದನ್ನು ನಾನೇ ಕಂಡಿದ್ದೇನೆ. ಎಲ್‌ಎನ್‌ಬಿಯ ಕೆಳಗಿನ ಕನೆಕ್ಟರುಗಳಿಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿದೆವು. ಕೇಬಲ್ ಗೋಡೆಯನ್ನು ಹೊಗುವ ಮುನ್ನ ರಂಧ್ರಕ್ಕಿಂತ ಒಂದು ಗೇಣು ಕೆಳಗಿಳಿದು ಜೋಲಿಯಂತೆ ತೂಗಿ ಮತ್ತೆ ಮೇಲೇರುವಂತೆ ಬಿಟ್ಟೆವು, ಓಡಿಬಂದ ಮಳೆನೀರು ಒಳಗೆ ಬರದೆ ಆ ಜೋಲಿಯ ತಳದಲ್ಲಿಯೇ ತೊಟ್ಟಿಕ್ಕಿಹೋಗಲೆಂದು. ಗೋಡೆಯ ರಂಧ್ರವನ್ನೂ ಹೊರಕ್ಕೆ ಇಳಿಜಾರಾಗಿಯೇ ಕೊರೆಯಬೇಕು.

ಆಕಾಶದಲ್ಲಿಯೇ ಮಳೆ ಒಡ್ಡುವ ಅಡ್ಡಿಗೆ ಮಾತ್ರ ಕೇಬಲಿನಿಂದ ಚಿಕಿತ್ಸೆಯಿಲ್ಲ. ಎರಡೂವರೆ ಸೆಂಟಿಮೀಟರಿನ ತರಂಗಗಳನ್ನು ದಪ್ಪ ಹನಿಗಳು ಹೀರಿ ಚೆದುರಿಸಿಬಿಡುವುದರಿಂದ, ಆಷಾಢದ ಜಡಿಮಳೆಯ ಹೊತ್ತಿನಲ್ಲಿ ಎರಡು ಕೋಣೆಗಳಿಗೂ ಕೂಡಿಯೇ ಚಿತ್ರ ನಿಲ್ಲುತ್ತದೆ. 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರಿನ ತಟ್ಟೆಯನ್ನಿಟ್ಟರೆ ಎರಡು ಪಟ್ಟಿಗೂ ಮಿಗಿಲಾದ ಶಕ್ತಿ ಸಂಗ್ರಹವಾಗಿ ಆ ನಿಲುಗಡೆಗಳು ವಿರಳವಾಗುತ್ತವೆ; ಇರುವ ತಟ್ಟೆಯನ್ನೇ ನಿಷ್ಕೃಷ್ಟವಾಗಿ ತಿರುಗಿಸಿಟ್ಟರೂ ಬಹಳ ಲಾಭವುಂಟು. ತಿರುಗಿಸುವಾಗ ಬಾಕ್ಸಿನ ಸಿಗ್ನಲ್ ಪುಟದಲ್ಲಿ ತೋರುವ ಎರಡು ಪಟ್ಟಿಗಳಲ್ಲಿ ಸ್ಟ್ರೆಂಗ್ತನ್ನು ನಂಬಬಾರದು, ಕ್ವಾಲಿಟಿಯನ್ನು ನೋಡಬೇಕು. ಬೇರೆ ಉಪಗ್ರಹದ ಕಡೆಗೆ ತಿರುಗಿದ ಡಿಶ್ಶಿನಲ್ಲಿಯೂ ಮೊದಲನೆಯ ಪಟ್ಟಿ ತುಂಬಿಕೊಂಡೇ ಇರಬಲ್ಲದು. ಇನ್ನು ಚೈತ್ರ ವೈಶಾಖಗಳ ಗುಡುಗಿನ ಸಂಜೆಗಳಲ್ಲಿ, ಡಿಶ್ಶಿನ ಕಂಬಕ್ಕೆ ಅರ್ಥಿಂಗ್ ಮಾಡಿಸಿದ್ದರೂ, ಬಾಕ್ಸಿನ ವಿದ್ಯುತ್ ಪ್ಲಗ್ಗನ್ನೂ ಡಿಶ್ ಕೇಬಲನ್ನೂ ಎರಡನ್ನೂ ಬಿಚ್ಚಿಡತಕ್ಕದ್ದು. ಸ್ವಿಚ್ ಆರಿಸಿದರೆ ಸಾಕೆಂದು ಜನ ತಿಳಿಯುತ್ತಾರೆ. ಸಿಡಿಲು ಬರುವ ದಾರಿ ಎಷ್ಟೋ ಸಲ ಅಂಗಳದ ಕೇಬಲೇ ಆಗಿರುತ್ತದೆ. ಎರಡು ಕೋಣೆಗಳಿಗೆ ಎರಡು ಕೇಬಲುಗಳಾದ ಮೇಲೆ ಬಿಚ್ಚಬೇಕಾದ ಕಡೆಗಳೂ ಎರಡು ಎಂಬುದನ್ನು ಮರೆಯಲಾಗದು. ನಮ್ಮಲ್ಲಿ ಒಳಕೋಣೆಯದು ಮೊಮ್ಮಗನ ಜವಾಬ್ದಾರಿ.

ಕೆಲಸ ಮುಗಿದ ಸಂಜೆ ಜಗುಲಿಯಲ್ಲಿ ಕ್ರಿಕೆಟ್ಟನ್ನೂ ಒಳಗೆ ಚಂದನವನ್ನೂ ಹಾಕಿಸಿ, ನೋಟ್ ಪುಸ್ತಕವನ್ನು ತೆರೆದು, ಹಿಂದೆ ಕತ್ತಲೆ ಕವಿಯುತ್ತಿದ್ದ ಒಂದೊಂದು ಜೋಡಿಯನ್ನೂ ಕ್ರಮವಾಗಿ ಪರೀಕ್ಷಿಸಿದೆವು. ಎರಡು ಪುಟಗಳು ಮುಗಿಯುವವರೆಗೆ ಒಳಗಿನಿಂದ “ಇದೆ”, “ಇದೆ” ಎಂಬ ಉತ್ತರವೊಂದೇ ಬಂದಿತು. ಕೊನೆಯ ನಾಲ್ಕೈದಕ್ಕೆ ಅಮ್ಮ ಉತ್ತರ ಕೊಡಲಿಲ್ಲ, ಪ್ರಶ್ನೆ ಆರಂಭವಾಗಿತ್ತು. ನನ್ನ ವಿದ್ಯಾರ್ಥಿ ಹೊರಡುವ ಮುಂಚೆ ಅಟ್ಟ ಹತ್ತಿ, ಅಕ್ಕಪಕ್ಕದಲ್ಲಿ ಒಂದೇ ಬಣ್ಣದಲ್ಲಿ ಮಲಗಿದ್ದ ಎರಡು ಕೇಬಲುಗಳಲ್ಲಿ ಒಳಕೋಣೆಯದಕ್ಕೆ ಎರಡು ಕಡೆ ಕೆಂಪು ದಾರವನ್ನು ಕಟ್ಟಿದ. ಮುಂದೆ ಯಾರಾದರೂ ರಿಪೇರಿಗೆ ಬಂದು, ಇದು ಯಾತರದೆಂದು ತಿಳಿಯದೆ ಕತ್ತರಿಸಿಯಾರೆಂದು, ಪಕ್ಕದ ತೊಲೆಯ ಮೇಲೆ ಸುಣ್ಣದಲ್ಲಿ ‘ಅಮ್ಮನ ಟಿ.ವಿ.’ ಎಂದು ನಾನು ಬರೆದಿಟ್ಟೆ.